ಡಬ್ಬಿಯೊಳಗಿನ ಮೂರು ಬಂಗುಡೆ

ಬಾಲದಲ್ಲಿ ಒಂದು ಕಚ್ಚು ಇತ್ತು. ಬಸ್ಸಿನ ಕಂಡಕ್ಟರು ಟಿಕೆಟ್ಟಿಗೆ ಹಾಕುತ್ತಿದ್ದ ತೂತಿನಷ್ಟೇ ಗಾತ್ರದ್ದು, ಬಾಲದ ಮೇಲಿನ ಎಸಳಿನ ಅಂಚಿನಲ್ಲಿ. ಏಳು ಫೋಟೋಗಳಲ್ಲೂ ಇತ್ತು. ಮೆಜೆಸ್ಟಿಕ್ಕಿನಲ್ಲಿ ಇಳಿದು ಕೆಂಗೇರಿ ಕಡೆಯ ಮೆಟ್ರೋ ಹತ್ತಿ, ಕಂಬಕ್ಕೆ ಒರಗಿ ನಿಂತು, ಮೊಬೈಲನ್ನು ಪಕ್ಕದವರಿಗೆ ಕಾಣದಂತೆ ಎದೆಗೆ ಹತ್ತಿರ ಹಿಡಿದು ಪದ್ಮನಾಭ ಆ ಫೋಟೋಗಳನ್ನು ಒಂದಾದ ಮೇಲೊಂದು ಸರಿಸಿ ನೋಡುತ್ತಿದ್ದ. ಐವತ್ಮೂರು ವರ್ಷದ, ಹಣೆಯಲ್ಲಿ ಅಂಗಾರಕ್ಷತೆ ಇಟ್ಟುಕೊಂಡ ಗಂಡಸು ಹೀಗೆ ಮರೆಮಾಡಿಕೊಂಡು ಮೊಬೈಲು ನೋಡಿದರೆ ಜನ ಏನೆಂದುಕೊಳ್ಳುತ್ತಾರೆಂದು ಅವನಿಗೂ ಗೊತ್ತಿತ್ತು. ಎದುರಿಗೆ ಕೂತಿದ್ದ ಹೆಂಗಸು ಆಗಲೇ ಅಂದುಕೊಂಡ ಹಾಗಿತ್ತು. ಮೀನು ನೋಡುತ್ತಿದ್ದೇನೆ ತಾಯಿ ಎಂದು ಹೇಳುವುದಕ್ಕಿಂತ ಅವಳು ಅಂದುಕೊಂಡದ್ದೇ ವಾಸಿ.

ಬೆಳಿಗ್ಗೆ ರಾಜಾಜಿನಗರದ ಆಫೀಸಿನಲ್ಲಿ ಸ್ಪಂದನ ಅವನನ್ನು ತನ್ನ ಮೇಜಿನ ಹತ್ತಿರ ಕರೆದಿದ್ದಳು. ಬ್ಯಾಡರಹಳ್ಳಿಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಲಿಲ್ಲ. ವಾರ್ಷಿಕ ವರದಿಗೆಂದು ನಾಯಂಡಹಳ್ಳಿ ಗೋಡೌನಿನ ತಪಾಸಣೆಯ ಫೋಟೋಗಳನ್ನೆಲ್ಲ ಒಂದೇ ಪುಟದಲ್ಲಿ ಸಾಲಾಗಿ ಜೋಡಿಸಿದ್ದಳು.

"ಏನಿಲ್ಲ ಸಾರ್, ಒಂದು ಡೌಟು ಅಷ್ಟೇ. ಇದು ನಾಲ್ಕು ವರ್ಷದ ಹಿಂದಿನದು. ಇದು ಅದಾದ ಮೇಲಿನದು. ಇದು ಹೋದ ಸಲದ್ದು. ಬಾಲ ನೋಡಿ."

"ಮೀನೆಲ್ಲ ಒಂದೇ ಥರ ಇರುತ್ತಲ್ಲಮ್ಮ."

"ನೀವು ತಿನ್ನಲ್ವಲ್ಲ ಸಾರ್, ಅದಕ್ಕೆ ಹಂಗನ್ಸುತ್ತೆ. ಕಣ್ಣು ನೋಡಿ, ಹಾಲಿನ ಥರ ಬೆಳ್ಳಗಾಗಿದೆ. ತಾಜಾ ಮೀನಿನ ಕಣ್ಣು ಹಿಂಗಿರಲ್ಲ. ಇದು ಸತ್ತು ವರ್ಷಗಟ್ಟಲೆ ಆಗಿದೆ ಸಾರ್." ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ನಾನು ಯಾರಿಗೂ ಹೇಳಿಲ್ಲ. ನಿಮ್ಮನ್ನೇ ಕೇಳೋಣ ಅಂತ."

ಯಾರಿಗೂ ಹೇಳಿಲ್ಲ ಎಂಬ ಆ ಮಾತು ಅವನಿಗೆ ಚುಚ್ಚಿತು. ಹೇಳಬಾರದಂಥದ್ದನ್ನು ತಾನೇನು ಮಾಡಿದ್ದಾನೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಲ್ಲ ತಾನು. ಆದರೂ ಸೀಟಿಗೆ ಹಿಂದಿರುಗಿ ಕೂತ ಮೇಲೆ ಕೈ ತಾನಾಗಿಯೇ ಹೆಗಲ ಮೇಲೆ ಹೋಗಿ ಇಲ್ಲದ ಧೂಳನ್ನು ಕೊಡವಿತು.

ಇಷ್ಟಕ್ಕೂ ಅವನ ಕೆಲಸ ಮೀನಿಗೆ ಮರ್ಯಾದೆ ಕೊಡಿಸುವುದು. ಅವರ ಸಂಸ್ಥೆಯ ಗುರುತಿನ ಹೆಸರು 'ನೀಲಿಅಲೆ'. ಪೊಟ್ಟಣದ ಮೂಲೆಯಲ್ಲಿ ಒಂದು ನೀಲಿ ಅಲೆ, ಅದರೊಳಗೆ ನಗುತ್ತಿರುವ ಒಂದು ಮೀನು. ತನ್ನನ್ನು ನಾಳೆ ಹುರಿಯುತ್ತಾರೆಂದು ಗೊತ್ತಿದ್ದೂ ಅದು ಯಾಕೆ ನಗುತ್ತದೆಂದು ಯಾರೂ ಕೇಳಿದ್ದಿಲ್ಲ. ಈ ಗುರುತು ಇದ್ದರೆ, ಇದು ಸಮುದ್ರವನ್ನು ಬರಿದು ಮಾಡದೆ ಹಿಡಿದ ಮೀನು, ಮೊಟ್ಟೆ ಇಟ್ಟು ಸಂಸಾರ ಮಾಡಿ ಮುಗಿಸಿದ ಮೀನು, ಮರಿಯಲ್ಲ ಎಂದು ಅರ್ಥ. ಬಂಗುಡೆಯಾದರೆ ಮೂತಿಯಿಂದ ಬಾಲದವರೆಗೆ ಹದಿನೈದು ಸೆಂಟಿಮೀಟರಿಗೆ ಕಡಿಮೆ ಇರಕೂಡದು ಎಂದು ನೀಲಿಅಲೆಯ ನಿಯಮ. ಗುರುತಿರುವ ಪೊಟ್ಟಣ ಗುರುತಿಲ್ಲದ್ದಕ್ಕಿಂತ ಕಿಲೋಗೆ ತೊಂಬತ್ತು ರೂಪಾಯಿ ಹೆಚ್ಚಿಗೆ ಹೋಗುತ್ತದೆ. ವಿಜಯನಗರದ ಸೂಪರ್ ಮಾರ್ಕೆಟ್ಟಿನಲ್ಲಿ ಜನ ಆ ತೊಂಬತ್ತು ರೂಪಾಯಿ ಕೊಟ್ಟು, ಮೀನನ್ನೂ ತಿಂದು, ಸಮುದ್ರವನ್ನೂ ಉಳಿಸಿ ಮನೆಗೆ ಹೋಗುತ್ತಾರೆ. ಆ ನೆಮ್ಮದಿಯ ಕೆಳಗೆ ಸಣ್ಣಕ್ಷರದಲ್ಲಿ ಇರುವ ಸಹಿ ಪದ್ಮನಾಭನದು. ಖುದ್ದಾಗಿ ಮುಟ್ಟಿ, ಅಳೆದು, ಪರಿಶೀಲಿಸಲಾಗಿದೆ.

ಮುಟ್ಟಿ ಎಂಬ ಶಬ್ದ ಫಾರಮ್ಮಿನಲ್ಲಿ ಮೊದಲೇ ಅಚ್ಚಾಗಿತ್ತು. ಅದನ್ನು ತಾನು ಬರೆದದ್ದಲ್ಲ. ಅತ್ತಿಗುಪ್ಪೆ ದಾಟುವಾಗ ಆ ಸಮಾಧಾನವನ್ನು ಅವನು ಇನ್ನೊಮ್ಮೆ ಹೇಳಿಕೊಂಡ. ಮೊದಲು ಅವನು ಕಾಫಿ, ಮೆಣಸು, ಏಲಕ್ಕಿಯ ಕಾಗದಪತ್ರ ನೋಡುತ್ತಿದ್ದವನು. ಮೀನಿನ ವಿಭಾಗ ಶುರುವಾದಾಗ ನಿರ್ದೇಶಕ ರಾಜೇಂದ್ರ ಕೋಣೆಗೆ ಕರೆದು ಬಾಗಿಲು ಹಾಕಿ ಹೇಳಿದ್ದ. "ನಿಮಗೇ ಕೊಡ್ತಿದೀನಿ ಪದ್ಮನಾಭ. ಯಾಕೆ ಅಂದ್ರೆ ನೀವು ತಿನ್ನಲ್ಲ. ತಿನ್ನೋರನ್ನ ಕಳಿಸಿದ್ರೆ ವಾಪಸ್ ಬರೋವಾಗ ಕೈಯಲ್ಲಿ ಎರಡು ಕೆಜಿ ಅಂಜಲ್ ಮೀನು ಇರುತ್ತೆ." ತಿನ್ನುವುದಿಲ್ಲ ಎಂಬ ಮಾತಿಗಿರುವ ಎರಡು ಅರ್ಥವೂ ತನಗೆ ಒಪ್ಪುತ್ತದೆಂದು ಅವನು ಅವತ್ತು ಒಳಗೊಳಗೇ ಉಬ್ಬಿದ್ದ. ಗೋಡೌನಿನಲ್ಲಿ ಕೊಡುವ ಕಾಫಿಯನ್ನೂ ಕುಡಿದವನಲ್ಲ. ಅದು ನಿಷ್ಠೆಯೆಂದು ಆಫೀಸು ತಿಳಿಯಿತು. ಆ ಲೋಟಕ್ಕೆ ಏನು ವಾಸನೆ ಇರುತ್ತದೋ ಎಂಬ ಹೇವರಿಕೆಯೆಂದು ಅವನೊಬ್ಬನಿಗೆ ಗೊತ್ತಿತ್ತು. ಎರಡೂ ಒಂದೇ ಥರ ಕಾಣುತ್ತಿದ್ದುದರಿಂದ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಬಸವೇಶ್ವರನಗರದ ಮನೆಯಲ್ಲಿ ಅನಂತಲಕ್ಷ್ಮಿ ತಪಾಸಣೆಯ ದಿನ ಹಿಂಬಾಗಿಲ ಹತ್ತಿರ ಬಿಸಿನೀರಿಟ್ಟು, ಅವನ ಪ್ಯಾಂಟು ಶರಟನ್ನು ಕೋಲಿನ ತುದಿಯಿಂದ ಎತ್ತಿ ಬಕೆಟ್ಟಿಗೆ ಹಾಕುವಳು. "ಎಂಥಾ ಕೆಲಸ ಹಿಡಿದ್ರೋ ನೀವು. ನಮ್ಮಪ್ಪ ಕೇಳಿದ್ರೆ ಎಣ್ಣೆ ಕಂಪನಿ ಅಂತ ಹೇಳಿದೀನಿ." ನಾಲ್ಕು ವರ್ಷದಿಂದ ಮಾವನ ಲೆಕ್ಕದಲ್ಲಿ ಅವನು ಎಣ್ಣೆ ಕಂಪನಿಯಲ್ಲಿದ್ದಾನೆ.

ನನಗೇ ಮೋಸ ಮಾಡಿದರಲ್ಲ. ನಾಯಂಡಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಅವನ ಅಳುಕು ಕರಗಿ ಸಿಟ್ಟಾಗಿತ್ತು. ಸಿಟ್ಟು ಅಳುಕಿಗಿಂತ ಎಷ್ಟೋ ಆರಾಮ. ಇವತ್ತು ಲೇಬಲ್ ನವೀಕರಣದ ತಪಾಸಣೆ. ರದ್ದು ಮಾಡಿಬಿಡುತ್ತೇನೆ. ದೋಷಪತ್ರ ಬರೆದು, ಕಾರಣ ಬರೆದು, ರಾಜೇಂದ್ರನ ಮೇಜಿನ ಮೇಲಿಟ್ಟು, ನೋಡಿ ಸಾರ್ ನಾನೇ ಹಿಡಿದೆ ಎನ್ನುತ್ತೇನೆ. ಸ್ಪಂದನ ನೋಡಲಿ. ಮೆಟ್ಟಿಲಿಳಿದು, ಗ್ಯಾರೇಜುಗಳ ಸಾಲು ದಾಟಿ, ಟೈರು ಒಟ್ಟಿದ ಗಲ್ಲಿಯೊಳಗೆ ತಿರುಗಿದಾಗ ಎಂದಿನಂತೆ ಮೂಗು ತಾನಾಗಿ ಮುಚ್ಚಿಕೊಂಡು ಅವನು ಬಾಯಲ್ಲಿ ಉಸಿರಾಡತೊಡಗಿದ.

ಗೋಡೌನು ವೆಂಕಟಲಕ್ಷ್ಮಮ್ಮನದು. ಅವಳ ಮಾವನ ಕಾಲದಲ್ಲಿ ಅಲ್ಲಿ ರಾಗಿ ಹೊಲ ಇತ್ತಂತೆ. ಹೊಲ ಸೈಟುಗಳಾಗಿ, ಕೊನೆಗೆ ಉಳಿದ ಮೂಲೆಯಲ್ಲಿ ಅವಳು ಶೀಟು ಹೊದಿಸಿ ಮಲ್ಪೆಯ ಮೀನು ಇಳಿಸಿಕೊಳ್ಳುವ ವ್ಯಾಪಾರ ಹಿಡಿದಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಕಿವಿಯಲ್ಲಿ ಕೆಂಪುಕಲ್ಲಿನ ಓಲೆ. ಅವನನ್ನು ಕಂಡ ಕೂಡಲೇ ಎದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊದುಬತ್ತಿ ಹಚ್ಚಿ, ಕುರ್ಚಿಯ ಪಕ್ಕದ ನಿಂಬೆಹಣ್ಣಿಗೆ ಚುಚ್ಚಿ ನಿಲ್ಲಿಸಿದಳು. ನಾಲ್ಕು ವರ್ಷದಿಂದ ಅವನು ಬಂದಾಗಲೆಲ್ಲ ಹೀಗೆಯೇ. ಊದುಬತ್ತಿ ಯಾವ ದೇವರಿಗೆಂದು ಅವನು ಇವತ್ತಿನವರೆಗೂ ಯೋಚಿಸಿರಲಿಲ್ಲ. ಗೋಡೆಯ ಮೇಲೆ ದೇವರ ಪಟವೇ ಇರಲಿಲ್ಲ.

"ಬನ್ನಿ ಸಾ, ಕೂತ್ಕಳಿ. ತಿಮ್ಮಯ್ಯ, ಸಾರ್ ಬಂದ್ರು, ಡಬ್ಬಿ ತಗೊಂಬಾ."

ತಿಮ್ಮಯ್ಯ ಅವಳ ಮೈದುನ, ಕೋಲ್ಡ್ ಸ್ಟೋರಿನ ಉಸ್ತುವಾರಿ ಅವನದೇ. ಒಳಗಿನಿಂದ ಮುಚ್ಚಳವಿದ್ದ ಸ್ಟೀಲಿನ ಉದ್ದ ಡಬ್ಬಿಯೊಂದನ್ನು ಎರಡು ಕೈಯಲ್ಲಿ ಹಿಡಿದು ತಂದು, ಮೇಜಿನ ಮೇಲೆ ಹೊಸ ಪೇಪರ್ ಹಾಸಿ, ಮುಚ್ಚಳ ತೆಗೆದು, ಹಿಮ ಹಿಡಿದ ಮೂರು ಬಂಗುಡೆಗಳನ್ನು ಸ್ಕೇಲಿನ ಪಕ್ಕ ಇಟ್ಟ. ಆಮೇಲೆ ರೂಢಿಯಂತೆ ನಾಲ್ಕಡಿ ಹಿಂದೆ ಸರಿದು, ಪದ್ಮನಾಭ ಫೋಟೋ ತೆಗೆಯಲಿ ಎಂದು ಕೈಕಟ್ಟಿ ನಿಂತ. ಇಪ್ಪತ್ಮೂರು, ಇಪ್ಪತ್ತೆರಡೂವರೆ, ಇಪ್ಪತ್ನಾಲ್ಕು. ಸ್ಕೇಲು ನೋಡದೆಯೇ ಅವನಿಗೆ ಅಂಕಿಗಳು ಬಾಯಿಗೆ ಬಂದವು. ನಡುವಿನದರ ಬಾಲದಲ್ಲಿ ಕಚ್ಚು ಇತ್ತು. ಫೋಟೋದಲ್ಲಿದ್ದುದಕ್ಕಿಂತ ಚೊಕ್ಕವಾಗಿ ಕಾಣುತ್ತಿತ್ತು.

"ಇದು ಯಾವತ್ತಿನ ಮೀನು?" ದನಿ ತಾನು ಅಂದುಕೊಂಡಷ್ಟು ಗಡುಸಾಗಿ ಬರಲಿಲ್ಲ.

ತಿಮ್ಮಯ್ಯ ಅತ್ತಿಗೆಯ ಮುಖ ನೋಡಿದ. ಅವಳು ಒಂದಿಷ್ಟೂ ತಡವರಿಸಲಿಲ್ಲ.

"ಇದು ನಿಮ್ದೇ ಸಾ. ನಿಮಗೇ ಅಂತ ಎತ್ತಿಟ್ಟಿರೋದು."

"ನಂದಾ?"

"ಮೊದಲ್ನೇ ಸಲ ಬಂದಾಗ ಜ್ಞಾಪಕ ಇಲ್ವಾ? ಆ ಕ್ರೇಟ್ ತೆಗೀತಿದ್ದಂಗೆ ನಿಮಗೆ ಹೊಟ್ಟೆ ತೊಳಸಿ, ಅಲ್ಲೇ ಆ ಟೈರ್ ಅಂಗಡಿ ಮುಂದೆ ಕೂತ್ಬಿಟ್ರಿ. ನನಗೆ ಕರುಳು ಚುರ್ ಅಂತು ಸಾ. ಮಡಿ ಮೈಲಿಗೆ ನೋಡೋ ಜನ, ಹೊಟ್ಟೆಪಾಡಿಗೆ ಬಂದವ್ರೆ ಅಂತ. ಅವತ್ತೇ ತಿಮ್ಮಯ್ಯಂಗೆ ಹೇಳ್ದೆ, ಚೆನ್ನಾಗಿರೋ ಮೂರು ಮೀನು ನಾಕು ನೀರಲ್ಲಿ ತೊಳೆದು, ಬೇರೆ ಡಬ್ಬೀಲಿ, ಬೇರೆ ಫ್ರೀಜರ್ನಲ್ಲಿ ಇಡು, ಒಂದ್ ಚೂರೂ ವಾಸನೆ ಬರಬಾರ್ದು ಅಂತ. ಆ ಡಬ್ಬೀನ ನಾವು ಬೇರೆ ಯಾವುದಕ್ಕೂ ಮುಟ್ಟಲ್ಲ ಸಾ."

ಅವನು ಸಿಟ್ಟನ್ನು ಹುಡುಕಿದ. ಮೆಟ್ರೋದಿಂದ ಜೋಪಾನವಾಗಿ ಹೊತ್ತು ತಂದದ್ದು, ಎಲ್ಲಿಯೋ ಜಾರಿ ಬಿದ್ದಿತ್ತು. ಆ ಮೊದಲ ದಿನ ಟೈರಿನ ಅಂಗಡಿಯವನು ನೀರು ಕೊಟ್ಟಿದ್ದು, ಇವಳು ಸೆರಗಿನಿಂದ ಗಾಳಿ ಹಾಕಿದ್ದು, ತಾನು ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡದ್ದು ನೆನಪಾಯಿತು. ಮುಂದಿನ ಸಲ ಬಂದಾಗ ವಾಸನೆ ಇರಲಿಲ್ಲ. ತಾನು ಪಳಗಿದೆ ಎಂದುಕೊಂಡಿದ್ದ. ಅನಂತಲಕ್ಷ್ಮಿಯ ಹತ್ತಿರ, ಎಲ್ಲಾ ಅಭ್ಯಾಸ ಕಣೇ, ಮನಸ್ಸು ಗಟ್ಟಿ ಮಾಡಿಕೊಂಡರೆ ಏನೂ ಅನ್ನಿಸಲ್ಲ ಎಂದು ಹೇಳಿದ್ದ. ಈ ಜನ ನಾಲ್ಕು ವರ್ಷ ಅವನಿಗೋಸ್ಕರ ಮೀನಿಗೂ ಮಡಿ ಉಡಿಸಿ ಕಾಪಾಡಿದ್ದರು. ಬೈಯುವುದಾದರೂ ಹೇಗೆ?

"ಪೊಟ್ಟಣಕ್ಕೆ ಹೋಗೋ ಮೀನು ತೋರಿಸಿ," ಎಂದ.

"ವಾಸನೆ ಬರುತ್ತೆ ಸಾ."

"ಬರಲಿ."

ತಿಮ್ಮಯ್ಯ ನೀಲಿ ಕ್ರೇಟನ್ನು ಎಳೆದು ತಂದ. ಐಸಿನ ಚೂರುಗಳ ನಡುವೆ ಬೆಳ್ಳಗೆ ಹೊಳೆಯುವ ಪುಟ್ಟ ಪುಟ್ಟ ಮೀನುಗಳು, ಕಪ್ಪನೆಯ ನಿರ್ಮಲ ಕಣ್ಣುಗಳು. ತಾಜಾ ಕಣ್ಣೆಂದರೆ ಹೀಗಿರುತ್ತದೆ ಎಂದು ಸ್ಪಂದನಳ ಮಾತು ನೆನಪಾಗಿ ಅವನು ಬಗ್ಗಿ ನೋಡಿದ. ತಿಮ್ಮಯ್ಯ ಎತ್ತಿಡಲು ಕೈಚಾಚಿದಾಗ ಬೇಡವೆಂದು ತಡೆದು, ಶರಟಿನ ತೋಳು ಮಡಿಸಿ, ಉಂಗುರದ ಬೆರಳಿನ ಪವಿತ್ರದುಂಗುರವನ್ನು ತೆಗೆಯಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ತೆಗೆಯದೆ, ಕೈ ಹಾಕಿದ. ತಣ್ಣಗಿತ್ತು. ನುಣ್ಣಗಿತ್ತು. ಅಷ್ಟೇ. ಹೊಟ್ಟೆ ತೊಳಸಲಿಲ್ಲ, ತಲೆ ತಿರುಗಲಿಲ್ಲ, ಹುಟ್ಟಿದಾಗಿನಿಂದ ಕಾದಿಟ್ಟುಕೊಂಡ ಏನೋ ಒಂದು ಮುರಿದು ಬೀಳುತ್ತದೆಂದು ಕಾದ, ಏನೂ ಬೀಳಲಿಲ್ಲ. ಅಷ್ಟು ಸುಲಭವಾಗಿ ಆಗಿಹೋದದ್ದೇ ಅವನಿಗೆ ಅವಮಾನವೆನಿಸಿತು. ಮೀನನ್ನು ಸ್ಕೇಲಿನ ಪಕ್ಕ ಇಟ್ಟ. ಹನ್ನೊಂದು. ಇನ್ನೊಂದು ತೆಗೆದ. ಹನ್ನೆರಡು. ಹತ್ತೂವರೆ. ಹನ್ನೊಂದು. ಇಪ್ಪತ್ತು ಮೀನು ಅಳೆದ. ಹದಿನೈದು ಮುಟ್ಟಿದ್ದು ಒಂದೂ ಇರಲಿಲ್ಲ.

"ಎಲ್ಲಾ ಮರಿಗಳು," ಎಂದ.

"ದೊಡ್ಡದು ನಮ್ಗೆಲ್ಲಿ ಸಿಗುತ್ತೆ ಸಾ. ದಡಕ್ಕೆ ಬರ್ತಿದ್ದಂಗೆ ಫಾರಿನ್ನಿಗೆ ಎತ್ತಾಕ್ತಾರೆ. ಉಳಿಯೋದು ಇದು. ನಾವು ತಗಳ್ಳಿಲ್ಲ ಅಂದ್ರೆ ಕೋಳಿಮೇವು ಮಿಲ್ಲಿನವ್ರು ತಗಂಡು ಪುಡಿ ಮಾಡ್ತಾರೆ. ತಲೆ ಬಾಲ ಕಳೆದು ಮಸಾಲೆ ಹಚ್ಚಿದ್ರೆ ತಿನ್ನೋರಿಗೆ ಮರಿನೋ ಅಜ್ಜಿನೋ ಗೊತ್ತಾಗಲ್ಲ."

"ಇದನ್ನ ನಾನು ಬರೀಬೇಕಾಗುತ್ತಮ್ಮ. ಲೇಬಲ್ ಹೋಗುತ್ತೆ."

"ಬರ್ಕಳಿ ಸಾ. ನಾನೇನು ಲೇಬಲ್ ಅಂಟಿಸ್ಕೊಂಡು ಹುಟ್ಟಿದ್ನಾ?" ಅವಳು ನಿಜವಾಗಿಯೂ ನಿರಾಳವಾಗಿದ್ದಳು. "ಕತ್ತರಿಸೋ ಹೆಣ್ಮಕ್ಳು ಎಂಟು ಜನ ಅವ್ರೆ, ಅವ್ರಿಗೆ ಏನಾದ್ರೂ ದಾರಿ ಮಾಡ್ಬೇಕು. ಮಾಡ್ತೀನಿ ಬಿಡಿ. ನೀವು ಸುಳ್ಳು ಬರ್ದು ನಿಮ್ ಹೆಸ್ರು ಕೆಡಿಸ್ಕೋಬೇಡಿ."

ಅವನು ಕೈ ತೊಳೆದುಕೊಂಡು ಚೀಲದಿಂದ ದೋಷಪತ್ರ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ನಾಲ್ಕು ವರ್ಷದಲ್ಲಿ ಆ ಹಳದಿ ಕಾಗದವನ್ನು ತುಂಬುವ ಸಂದರ್ಭ ಬಂದಿರಲಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು. ಗೋಡೌನಿನ ಹೆಸರು ಬರೆದ. ತಾರೀಖು ಬರೆದ. ಅಳತೆ, ಹನ್ನೊಂದು ಎಂದು ಬರೆದ. ಹೀಗೆ ಒಂದೊಂದೇ ನಿಜ ಬರೆಯುತ್ತ ಹೋಗುವುದು ಎಷ್ಟು ಹಗುರ ಎಂದು ಎದೆ ತುಂಬಿ ಬಂತು. ನಾಲ್ಕನೆಯ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. 'ಈ ದೋಷ ಹಿಂದಿನ ತಪಾಸಣೆಗಳಲ್ಲಿ ಯಾಕೆ ಕಂಡುಬರಲಿಲ್ಲ? ತಪಾಸಕರು ವಿವರಿಸತಕ್ಕದ್ದು.' ಕೆಳಗೆ ಆರು ಗೆರೆ ಜಾಗ ಬಿಟ್ಟಿದ್ದರು. ಆರು ಗೆರೆಯಲ್ಲಿ ಏನು ಬರೆಯುವುದು? ತಪಾಸಕರಿಗೆ ವಾಂತಿಯಾಗುತ್ತಿತ್ತು ಎಂದೇ? ತಪಾಸಕರು ಮೀನಿಗೆ ನಾಲ್ಕಡಿ ದೂರ ನಿಂತು ಮುಟ್ಟಿ ಅಳೆದೆ ಎಂದು ಸಹಿ ಹಾಕುತ್ತಿದ್ದರು ಎಂದೇ? ರಾಜೇಂದ್ರ ಓದುತ್ತಾನೆ, ಸ್ಪಂದನ ಟೈಪು ಮಾಡುತ್ತಾಳೆ, ಕಾಫಿ ಕುಡಿಯದ ಪದ್ಮನಾಭ ಎಂದು ಹೊಸಬರಿಗೆ ತೋರಿಸುತ್ತಿದ್ದವರು ಕ್ಯಾಂಟೀನಿನಲ್ಲಿ ನಗುತ್ತಾರೆ. ಲಂಚ ತಿಂದು ಸಿಕ್ಕಿಬಿದ್ದರೂ ಒಂದು ಮರ್ಯಾದೆ ಇರುತ್ತದೆ. ಇದಕ್ಕೆ ಅದೂ ಇಲ್ಲ. ಎಂಟು ಜನ ಹೆಣ್ಣುಮಕ್ಕಳು ಎಂದು ವೆಂಕಟಲಕ್ಷ್ಮಮ್ಮ ಹೇಳಿದ್ದು ಆಗ ನೆನಪಾಯಿತು. ಪಾಪ, ಎಂಟು ಸಂಸಾರ. ಅವನು ಆ ಎಂಟು ಹೆಣ್ಣುಮಕ್ಕಳನ್ನು ಎಂದೂ ನೋಡಿದವನಲ್ಲ, ಆದರೂ ಕಣ್ಣು ಒದ್ದೆಯಾಗುವಷ್ಟು ಅವರ ಮೇಲೆ ಕರುಣೆ ಬಂತು. ಯಾರ ಮೇಲೆ ಬಂದ ಕರುಣೆ ಅದು ಎಂದು ಗೊತ್ತಿದ್ದೂ ಅದನ್ನು ತಡೆಯಲಿಲ್ಲ.

ಹಳದಿ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದ.

"ಆ ಡಬ್ಬಿ ಮೀನು ಇನ್ನೊಂದು ಸಲ ಇಡಿ ತಿಮ್ಮಯ್ಯ."

ತಿಮ್ಮಯ್ಯ ಮೂರನ್ನೂ ಇಟ್ಟ. ಪದ್ಮನಾಭ ಎರಡನ್ನು ಬದಿಗೆ ಸರಿಸಿ ನಡುವಿನದನ್ನು ಉಳಿಸಿಕೊಂಡ. ಕಚ್ಚಿಲ್ಲದ್ದನ್ನೇ ಆರಿಸಬಹುದಿತ್ತು. ಆದರೆ ಉಳಿದೆರಡರ ಹೊಟ್ಟೆ ಹಿಮಕ್ಕೆ ಬಿರಿದಿತ್ತು. ಇದರಲ್ಲಿ ಮುಚ್ಚಬೇಕಾದದ್ದು ಎರಡೇ ಜಾಗ, ಇರುವುದೂ ಎರಡೇ ಹೆಬ್ಬೆರಳು ಎಂದು ಅವನ ತಲೆ, ಕಳ್ಳನ ತಲೆಯೇ ಹೌದು, ಚಕಚಕನೆ ಓಡುತ್ತಿತ್ತು. ತನ್ನ ಮೊಬೈಲನ್ನು ತಿಮ್ಮಯ್ಯನ ಕೈಗೆ ಕೊಟ್ಟ. "ನೀವು ತೆಗೀರಿ. ಮೀನು ನಾನು ಹಿಡ್ಕೋತೀನಿ." ಎಡಗೈಯಿಂದ ತಲೆ ಹಿಡಿದ, ಹೆಬ್ಬೆರಳು ಸರಿಯಾಗಿ ಆ ಬಿಳಿಗಣ್ಣಿನ ಮೇಲೆ ಬರುವಂತೆ. ಬಲಗೈಯಿಂದ ಬಾಲ ಹಿಡಿದ, ಇನ್ನೊಂದು ಹೆಬ್ಬೆರಳು ಕಚ್ಚಿನ ಮೇಲೆ. ಬೆಳಿಗ್ಗೆ ಕಲಿತ ಎರಡು ಪಾಠವೂ ಸಾಯಂಕಾಲದೊಳಗೇ ಕೆಲಸಕ್ಕೆ ಬಂದವು. ಒಂದು ಎಳೆ ಅತ್ತಿತ್ತ ಆಗದಂತೆ, ತೀರ್ಥದ ಉದ್ಧರಣೆಯನ್ನೂ ಅಷ್ಟು ನಿಗಾದಿಂದ ಹಿಡಿದವನಲ್ಲ, ಉಸಿರು ಬಿಗಿಹಿಡಿದು ನಿಂತ. ವೆಂಕಟಲಕ್ಷ್ಮಮ್ಮ ನೋಡುತ್ತಿದ್ದಳು. ಅವಳು ಅವನ ಎರಡು ಹೆಬ್ಬೆರಳುಗಳನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ಊದುಬತ್ತಿ ಮುಗಿದಿತ್ತು, ಹೊಸದು ಹಚ್ಚಲಿಲ್ಲ. ಹೊರಡುವಾಗ ಕೈ ತೊಳೆಯಲು ಅರ್ಧ ನಿಂಬೆಹಣ್ಣು ಕೊಟ್ಟು, "ಚೆನ್ನಾಗ್ ಉಜ್ಕಳಿ ಸಾ," ಎಂದಳಷ್ಟೇ. ಮುಂದಿನ ಸಲ ಬನ್ನಿ ಎನ್ನಲಿಲ್ಲ.

ಆ ಸಂಜೆ ಅನಂತಲಕ್ಷ್ಮಿ ಹಿಂಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದವಳು ಅವನ ಹತ್ತಿರ ಬಂದು ಮೂಗೆಳೆದು, "ಇವತ್ತು ವಾಸನೇನೇ ಇಲ್ವಲ್ರೀ," ಎಂದಳು. "ಮುಖ ಯಾಕೆ ಹಾಗಿದೆ, ಏನಾದ್ರೂ ಆಯ್ತಾ?" ಏನೂ ಇಲ್ಲವೆಂದ. ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂತಾಗ ಅರ್ಘ್ಯದ ನೀರು ಬೊಗಸೆಯಲ್ಲಿ ನಿಂತಿತು, ಹೆಬ್ಬೆರಳುಗಳನ್ನು ನೋಡದೆ ಬಿಟ್ಟ.

ಮಾರನೆಯ ದಿನ ಆಫೀಸಿಗೆ ಹೋದಾಗ ಸ್ಪಂದನ ಅವನಿಗೋಸ್ಕರ ಕಾದಿದ್ದಳು. ಕಂಪ್ಯೂಟರಿನ ಪರದೆ ತುಂಬ, ಲೇಬಲ್ ನವೀಕರಿಸಬಹುದೆಂಬ ವರದಿಯ ಜೊತೆ ಅವನು ರಾತ್ರಿಯೇ ಕಳಿಸಿದ್ದ ಆ ಫೋಟೋ ಇತ್ತು. ಎರಡು ಕೈ, ಒಂದು ಪವಿತ್ರದುಂಗುರ, ಒಂದು ಮೀನು, ಇಪ್ಪತ್ತೆರಡೂವರೆ.

"ಸಾರ್, ನೀವೇನಾ ಹಿಡ್ಕೊಂಡಿರೋದು?"

"ಹೂಂ."

"ನಿನ್ನೆ ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ ಸಾರ್. ಆ ಹಳೇ ಫೋಟೋದಲ್ಲಿ ನಿಮಗೆ ಅವ್ರು ಯಾವ್ದೋ ಮೀನು ತೋರಿಸಿರ್ಬೇಕು. ನಾನು ಒಂದ್ ಮಾತು ಅಂದಿದ್ದಕ್ಕೆ ನೀವೇ ಹೋಗಿ, ಮುಟ್ಟಿ ಅಳೆದು..." ಅವಳು ಕುರ್ಚಿಯನ್ನು ಅವನತ್ತ ತಿರುಗಿಸಿದಳು. "ಮನೇಲಿ ಅಜ್ಜಿಗೆ ತೋರಿಸ್ದೆ. ಮೊದ್ಲು ನಕ್ರು. ಆಮೇಲೆ, ಒಳ್ಳೇ ಮನುಷ್ಯ ಕಣೇ, ಇಂಥೋರ ಕೈಕೆಳಗೆ ಕೆಲಸ ಕಲಿ ಅಂದ್ರು."

ಅವನು ಏನೋ ಹೇಳಲು ಹೊರಟ. ಮಡಿಸಿದ ಹಳದಿ ಕಾಗದ ನಿನ್ನೆಯ ಪ್ಯಾಂಟಿನ ಜೇಬಿನಲ್ಲಿತ್ತು. ಅನಂತಲಕ್ಷ್ಮಿ ಆ ಪ್ಯಾಂಟನ್ನು ಕೋಲಿನಿಂದ ಎತ್ತಿ ನೀರಿಗೆ ಹಾಕಿ ಆಗಿತ್ತು.

"ರಾಜೇಂದ್ರ ಸಾರ್ ಇದನ್ನೇ ವರದಿಯ ಮುಖಪುಟಕ್ಕೆ ಹಾಕಿ ಅಂದ್ರು," ಎನ್ನುತ್ತ ಅವಳು ಫೋಟೋವನ್ನು ಇನ್ನಷ್ಟು ಹಿಗ್ಗಿಸಿದಳು. ಬಲಗೈ ಹೆಬ್ಬೆರಳು ಪರದೆಯ ಅರ್ಧದಷ್ಟಾಯಿತು. ಒತ್ತಿದ ರಭಸಕ್ಕೆ ಉಗುರಿನ ಕೆಳಗೆ ರಕ್ತ ಸರಿದು ಬೆಳ್ಳಗಾಗಿತ್ತು. "ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀರಾ ಸಾರ್. ಭಯ ಆಯ್ತಾ?"

"ಆಯ್ತಮ್ಮ," ಎಂದ. ಎರಡು ದಿನದಲ್ಲಿ ಅವಳಿಗೆ ಅವನು ಹೇಳಿದ ಪೂರ್ತಿ ನಿಜ ಅದೊಂದೇ.

"ಕೆಳಗೆ ನಿಮ್ಮ ಹೆಸರು ಹಾಕ್ಲಾ ಸಾರ್?"

ಪದ್ಮನಾಭ ಪರದೆಯ ಹತ್ತಿರ ಬಗ್ಗಿದ. ಹೆಬ್ಬೆರಳಿನ ಅಂಚಿನಲ್ಲಿ ಕಚ್ಚು ಎಲ್ಲಾದರೂ ಇಣುಕುತ್ತಿದೆಯೇ ಎಂದು ಎರಡು ಸಲ ನೋಡಿದ. ಎಲ್ಲೂ ಕಾಣಲಿಲ್ಲ.

"ಹಾಕಮ್ಮ," ಎಂದ. "ಇನಿಷಿಯಲ್ ಸಮೇತ ಹಾಕು."